ಸ್ಟುಟ್‌ಗಾರ್ಟ್ ಕ್ರಿಸ್ಮಸ್ ಸಂತೆ: ಮಳೆ ಇದ್ದರೂ ಹೋಗಿ, ಆದರೆ ಹೀಗೆ ಹೋಗಿ

ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಯ ಸ್ಟುಟ್‌ಗಾರ್ಟ್ ಊರಿನ ಕ್ರಿಸ್ಮಸ್ ಸಂತೆಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಅದೂ ಡಿಸೆಂಬರ್ 20ರ ಆಸುಪಾಸಿನಲ್ಲಿ, 9 ಡಿಗ್ರಿ ಹವೆ, ಬೆಳಗಿನಿಂದ ಬಿಡದೆ ಜಿನುಗುವ ಮಳೆ, ನಾಲ್ಕೂವರೆಗೇ ಕತ್ತಲು, ಇಂಥ ದಿನ ಸುತ್ತಾಡಿ ಕೊಟ್ಟ ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂತ ಮುಂದೆ ಬರುತ್ತದೆ. ಮಳೆಗಂತೂ ಅಲ್ಲ.

ನಮ್ಮವರು ಜರ್ಮನಿಗೆ ಡಿಸೆಂಬರಿನಲ್ಲಿ ಬಂದರೆ ಹಿಮ ಗ್ಯಾರಂಟಿ ಅಂದುಕೊಂಡಿರುತ್ತಾರೆ. ನಮ್ಮತ್ತೆ ಎರಡು ಸ್ವೆಟರ್, ಶಾಲು, ಮಂಕಿ ಕ್ಯಾಪ್ ಎಲ್ಲ ಹೇರಿಕೊಂಡು ಬಂದರು. ಇಲ್ಲಿ ನೋಡಿದರೆ ಬರೀ ಮಳೆ. "ಹಿಮ ಎಲ್ಲಮ್ಮಾ? ಫೋಟೋದಲ್ಲಿ ಇತ್ತಲ್ಲ?" ಅಂತ ಒಂದೇ ಪ್ರಶ್ನೆ. ಏನು ಹೇಳೋದು? ಕ್ರಿಸ್ಮಸ್ ಹತ್ತಿರ ಬಂದಾಗ ಇಲ್ಲಿ ಚಳಿ ಸಡಿಲವಾಗುವುದು ಹಳೇ ರೂಢಿ. ಜರ್ಮನ್ನರು ಇದಕ್ಕೆ ವೈನಾಖ್ಟ್ಸ್‌ಟೌವೆಟರ್, ಅಂದರೆ ಕ್ರಿಸ್ಮಸ್ಸಿನ ಹಿಮ ಕರಗುವ ಹವೆ, ಅಂತಲೇ ಹೆಸರಿಟ್ಟಿದ್ದಾರೆ. ಡಿಸೆಂಬರ್ ಮಧ್ಯದಲ್ಲಿ ಎಷ್ಟೋ ಸಲ ಒಳ್ಳೆ ಚಳಿ ಬೀಳುತ್ತದೆ, ಒಂದಿಷ್ಟು ಹಿಮವೂ ಬಿದ್ದು ಆಸೆ ಹುಟ್ಟಿಸುತ್ತದೆ. ಅಷ್ಟರಲ್ಲಿ ಅಟ್ಲಾಂಟಿಕ್ ಕಡೆಯಿಂದ ಪಶ್ಚಿಮದ ಗಾಳಿ ಶುರುವಾಗುತ್ತದೆ. ಒಂದರ ಹಿಂದೆ ಒಂದು ವಾಯುಭಾರ ಕುಸಿತ, ಅದರ ಜೊತೆ ತೇವ ತುಂಬಿದ ಬೆಚ್ಚಗಿನ ಗಾಳಿ, ಇದ್ದ ಹಿಮವೂ ಕರಗಿ ನೀರು. ಪ್ರತಿ ವರ್ಷ ಹೀಗೇ ಆಗುತ್ತದೆ ಅಂತಲ್ಲ, ಆದರೆ ಆಗದ ವರ್ಷಕ್ಕಿಂತ ಆಗುವ ವರ್ಷವೇ ಜಾಸ್ತಿ.

ಇದು ಬರೀ ಬೇಜಾರಿನ ಮಳೆ ಅಂತಲೂ ಅಲ್ಲ. 1993ರ ಕ್ರಿಸ್ಮಸ್ ಹೊತ್ತಿಗೆ ರೈನ್ ನದಿ ಕಲೋನ್ ನಗರದಲ್ಲಿ 10.63 ಮೀಟರ್ ಮಟ್ಟಕ್ಕೆ ಏರಿ ಹಳೇ ಪೇಟೆಗೇ ನುಗ್ಗಿತ್ತು. 2012ರ ಡಿಸೆಂಬರ್ 24ರಂದು ಮ್ಯೂನಿಕ್‌ನಲ್ಲಿ 20.7 ಡಿಗ್ರಿ. ಕ್ರಿಸ್ಮಸ್ ಮುನ್ನಾದಿನ ಜನ ಹೊರಗೆ ಕೂತು ಕಾಫಿ ಕುಡಿಯುವಂಥ ಹವೆ! ಇಲ್ಲಿನ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಿಳಿ ಕ್ರಿಸ್ಮಸ್ ಅನ್ನಿಸಿಕೊಳ್ಳಬೇಕಾದರೆ 24, 25, 26 ಮೂರೂ ದಿನ ನೆಲದ ಮೇಲೆ ಕನಿಷ್ಠ 1 ಸೆಂಟಿಮೀಟರ್ ಹಿಮ ಇರಬೇಕು. ದೇಶದ ಬಹುಪಾಲು ಕಡೆ ಹಾಗಾಗಿದ್ದು 2010ರಲ್ಲಿ.

ಹಾಗಾಗಿ ಈ ಸಂತೆಯನ್ನು ಮಳೆಯಲ್ಲೇ ಅಳೆಯಬೇಕು ಅಂತ ನನ್ನ ವಾದ. ಹಿಮ ಬಿದ್ದ ದಿನ ಯಾವ ಸಂತೆ ತಾನೇ ಚೆನ್ನಾಗಿರುವುದಿಲ್ಲ?

ಸ್ಟುಟ್‌ಗಾರ್ಟ್ ಇಲ್ಲಿ ಗೆಲ್ಲುತ್ತದೆ. ಈ ಸಂತೆಯ ದಾಖಲೆ 1692ರಿಂದ ಇದೆ, ಈಗ 300ರ ಹತ್ತಿರ ಅಂಗಡಿಗಳು. ಮಾರ್ಕ್ಟ್‌ಪ್ಲಾಟ್ಸ್, ಶಿಲ್ಲರ್‌ಪ್ಲಾಟ್ಸ್, ಶ್ಲೋಸ್‌ಪ್ಲಾಟ್ಸ್ ಅಂತ ಊರ ನಡುವಿನ ಚೌಕಗಳಲ್ಲಿ ಹರಡಿಕೊಂಡಿದೆ. ಇದರ ವಿಶೇಷ ಅಂಗಡಿಗಳ ಚಾವಣಿ. ಬೇರೆ ಊರುಗಳಲ್ಲಿ ಒಂದು ಲೈಟಿನ ಸರ ಎಳೆದು ಕೈ ತೊಳೆದುಕೊಳ್ಳುತ್ತಾರೆ. ಇಲ್ಲಿ ಫರ್ ಮರದ ಕೊಂಬೆ ಹೊದಿಸಿ, ಅದರ ಮೇಲೆ ದೇವತೆ, ಕರಡಿ, ತಲೆ ಆಡಿಸುವ ಬೊಂಬೆ, ಪುಟ್ಟ ಮನೆ, ಒಂದಕ್ಕಿಂತ ಒಂದು ಮಿಗಿಲು. ಚೆನ್ನಾಗಿ ಸಿಂಗರಿಸಿದ ಅಂಗಡಿಗೆ ಬಹುಮಾನವೂ ಉಂಟು. ಮಳೆಯಲ್ಲಿ ಆ ಕೊಂಬೆಗಳ ಹಸಿರು ಇನ್ನೂ ಗಾಢವಾಗುತ್ತದೆ, ಒದ್ದೆ ನೆಲದಲ್ಲಿ ದೀಪಗಳು ಹೊಳೆಯುತ್ತವೆ. ಆದರೆ ತಲೆ ಎತ್ತಿ ನೋಡುತ್ತಾ ಎರಡು ಅಂಗಡಿಗಳ ನಡುವಿನ ಸಂದಿಯಲ್ಲಿ ನಿಲ್ಲಬೇಡಿ. ಎರಡೂ ಚಾವಣಿಯ ನೀರು ಸೇರಿ ಸೀದಾ ಕಾಲರ್ ಒಳಗೆ ಇಳಿಯುತ್ತದೆ.

ಮಳೆ ಜೋರಾದರೆ ಓಡಿ ನಿಲ್ಲಲು ಜಾಗ ಇದೆ, ಈ ಊರಿನ ದೊಡ್ಡ ಪ್ಲಸ್ ಅದೇ. ಹಳೇ ಅರಮನೆಯ ಒಳ ಅಂಗಳದ ಸುತ್ತ ಮೂರು ಅಂತಸ್ತು ಕಮಾನಿನ ಪಡಸಾಲೆ. ಸಂಜೆ ಹೊತ್ತು ಅಂಗಳದಲ್ಲಿ ಸಂಗೀತ, ಗಾಯನ ಇರುತ್ತದೆ. ಪಡಸಾಲೆಯ ಕಂಬಕ್ಕೆ ಒರಗಿ, ಒಂದು ಹನಿಯೂ ಬೀಳದೆ, ಪುಕ್ಕಟೆ ಕೇಳಬಹುದು. ನನಗೆ ಇಡೀ ಸಂತೆಯಲ್ಲಿ ಇಷ್ಟವಾದ ಜಾಗ ಇದು. ಪಕ್ಕದಲ್ಲೇ 1914ರಲ್ಲಿ ಕಟ್ಟಿದ ಮಾರ್ಕ್ಟ್‌ಹಾಲೆ. ತರಕಾರಿ, ಚೀಸ್, ಮಸಾಲೆ ಅಂತ ಮೇಲೆ ಮಾಡು ಇರುವ ಮಾರುಕಟ್ಟೆ. ರೇಟು ದುಬಾರಿ, ಸುಮ್ನೆ ನೋಡಿಕೊಂಡು ಬನ್ನಿ. ಭಾನುವಾರ ಬಾಗಿಲು ಹಾಕಿರುತ್ತದೆ, ನೆನಪಿಡಿ. ಶ್ಲೋಸ್‌ಪ್ಲಾಟ್ಸ್ ಕಡೆ ಇದ್ದರೆ ಕೊನಿಗ್ಸ್‌ಬೌ ಕಟ್ಟಡದ ಉದ್ದನೆಯ ಕಂಬಸಾಲಿನ ಕೆಳಗೆ ನಿಲ್ಲಬಹುದು.

ಇನ್ನು ತಿಂಡಿ. ಸಸ್ಯಾಹಾರಿಗಳು ಹೆದರಬೇಕಿಲ್ಲ, ಆದರೆ ಬಾಯಿ ಬಿಟ್ಟು ಕೇಳಬೇಕು. ಈ ಕಡೆಯ ಶುಪ್‌ನೂಡೆಲ್ನ್ ಅಂದರೆ ಆಲೂಗಡ್ಡೆ ಹಿಟ್ಟನ್ನು ಬೆರಳುದ್ದ ಹೊಸೆದು, ಹುಳಿ ಎಲೆಕೋಸಿನ ಜೊತೆ ದೊಡ್ಡ ಬಾಣಲೆಯಲ್ಲಿ ಹುರಿದು ಕೊಡುವುದು. ಅಂಚು ಗರಿಗರಿಯಾಗಿ, ಒಳಗೆ ಮೆತ್ತಗೆ, ಹುಳಿ ಹದವಾಗಿ ಇದ್ದರೆ ಒಂದು ತಟ್ಟೆ ಸಾಲುವುದಿಲ್ಲ. ಹಲವು ಕಡೆ ಎಲೆಕೋಸಿಗೆ ಹಂದಿ ಮಾಂಸದ ಸಣ್ಣ ಚೂರು ಬೆರೆಸಿರುತ್ತಾರೆ, "ಓನೆ ಶ್ಪೆಕ್?" (ಹಂದಿ ಮಾಂಸ ಇಲ್ಲದ್ದಾ?) ಅಂತ ಕೇಳಿ ತಗೊಳ್ಳಿ. ಮೌಲ್‌ಟಾಶೆನ್, ಅಂದರೆ ಹಿಟ್ಟಿನ ಹಾಳೆಯೊಳಗೆ ಹೂರಣ ತುಂಬಿದ್ದು, ಮಾಮೂಲಾಗಿ ಮಾಂಸದ್ದೇ. ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಕರಿದ ಪುಫರ್‌ಗೆ ಸೇಬಿನ ಗೊಜ್ಜು ಕೊಡುತ್ತಾರೆ, ನನಗೆ ಆ ಜೋಡಿ ಇವತ್ತಿಗೂ ಒಗ್ಗಿಲ್ಲ. ಒಂದು ಚಿಟಿಕೆ ಖಾರದಪುಡಿ ಜೇಬಲ್ಲಿದ್ದರೆ ಆ ಮಾತು ಬೇರೆ.

ಮಳೆಗೆ ಹೇಳಿ ಮಾಡಿಸಿದ್ದು ಮರೋನಿ, ಅಂದರೆ ಸುಟ್ಟ ಚೆಸ್ಟ್‌ನಟ್. ಸಿಪ್ಪೆ ಸೀಳಿ ಕೆಂಡದ ಶಾಖಕ್ಕೆ ಹಾಕಿದ್ದನ್ನು ಕಾಗದದ ಪೊಟ್ಟಣದಲ್ಲಿ ತುಂಬಿ ಕೊಡುತ್ತಾರೆ. ರುಚಿ ಹೆಚ್ಚುಕಡಿಮೆ ನಮ್ಮ ಸುಟ್ಟ ಹಲಸಿನ ಬೀಜದ್ದೇ, ಸ್ವಲ್ಪ ಸಿಹಿ ಜಾಸ್ತಿ. ಅತ್ತೆ ಬಾಯಿಗೆ ಹಾಕಿಕೊಂಡವರೇ "ಇದಕ್ಕೆ ಇಷ್ಟು ದುಡ್ಡಾ?" ಅಂದರು, ಅನ್ನುತ್ತಲೇ ಪೊಟ್ಟಣ ಖಾಲಿ ಮಾಡಿದರು. ಪೊಟ್ಟಣವನ್ನು ಜಾಕೆಟ್ ಜೇಬಿಗೆ ಇಳಿಬಿಟ್ಟು ಕೈಯನ್ನೂ ಅಲ್ಲೇ ಇಟ್ಟರೆ ಗ್ಲೌಸ್ ಬೇಡ.

ಈಗ ಕಟ್ ಮಾಡಿದ ಆ ಸ್ಟಾರ್ ವಿಷಯ. ಗ್ಲೂವೈನ್, ಅಂದರೆ ದಾಲ್ಚಿನ್ನಿ, ಲವಂಗ, ಕಿತ್ತಳೆ ಹಾಕಿ ಬಿಸಿ ಮಾಡಿದ ವೈನ್. ಕುದಿಸಬಾರದು, ಹಬೆ ಏಳುವಷ್ಟು ಬಿಸಿ ಸಾಕು. ನಾನು ನಿಂತ ಒಂದು ಅಂಗಡಿಯಲ್ಲಿ ಕೊಟ್ಟದ್ದು ಉಗುರುಬೆಚ್ಚಗೆ ಮತ್ತು ಬರೀ ಸಕ್ಕರೆ. ಒಂದು ಲೋಟಕ್ಕೆ 5 ಯೂರೋ ಹತ್ತಿರ ಕೊಟ್ಟು, ಮಗ್‌ಗೆ ಬೇರೆ ಡಿಪಾಸಿಟ್ ಇಟ್ಟು, ಅದರ ಮೇಲೆ ಚಾವಣಿಯ ನೀರು ತೊಟ್ಟಿಕ್ಕಿ ಇನ್ನೂ ತಣ್ಣಗಾದರೆ ಸಿಟ್ಟು ಬರುವುದಿಲ್ವಾ? ಹವೆ ಬೆಚ್ಚಗಿರುವ ವರ್ಷ ಬಿಸಿ ಪಾನೀಯದ ಆಸೆಯೇ ಅರ್ಧ ಕಮ್ಮಿ. ಆಗ ಪಾನೀಯ ತನ್ನ ರುಚಿಯಿಂದಲೇ ಗೆಲ್ಲಬೇಕು, ಇದು ಗೆಲ್ಲಲಿಲ್ಲ. ಮಕ್ಕಳಿಗೆ ಅಂತ ಮಾಡುವ ಕಿಂಡರ್‌ಪುನ್ಶ್ ಬೇರೆ ಅಂಗಡಿಯಲ್ಲಿ ತಗೊಂಡೆವು. ಹಣ್ಣಿನ ರಸ, ಮಸಾಲೆ, ಆಲ್ಕೋಹಾಲ್ ಇಲ್ಲ, ನಾಲಿಗೆ ಸುಡುವಷ್ಟು ಬಿಸಿ. ಅತ್ತೆಗೂ ಅದೇ ಹಿಡಿಸಿತು.

ಬಟ್ಟೆ ವಿಷಯಕ್ಕೆ ಬಂದರೆ ಗರಿ ತುಂಬಿದ ದಪ್ಪ ಜಾಕೆಟ್ ಮನೆಯಲ್ಲೇ ಬಿಡಿ. ಗರಿ ಒದ್ದೆಯಾದರೆ ಮುದ್ದೆಯಾಗಿ ಬೆಚ್ಚಗಿಡುವುದನ್ನೇ ಬಿಡುತ್ತದೆ, ಆ 9 ಡಿಗ್ರಿಯಲ್ಲಿ ಜನರ ನಡುವೆ ಬೆವರು ಬೇರೆ. ತೆಳು ಸ್ವೆಟರ್, ಮೇಲೆ ಟೋಪಿ ಇರುವ ಮಳೆ ಜಾಕೆಟ್, ನೀರು ಒಳಗೆ ಬಿಡದ ಶೂ. ಛತ್ರಿ ಬೇಡವೇ ಬೇಡ. ಆ ಇಕ್ಕಟ್ಟಿನಲ್ಲಿ ಛತ್ರಿ ಬಿಚ್ಚಿದವರ ಕಡ್ಡಿ ಪಕ್ಕದವರ ಕಣ್ಣಿಗೇ. ಚಿಲ್ಲರೆ ನೋಟು ಜೊತೆಗಿರಲಿ, ಎಲ್ಲ ಅಂಗಡಿಯಲ್ಲೂ ಕಾರ್ಡ್ ನಡೆಯುತ್ತದೆ ಅಂತ ನಂಬಿ ಹೋಗಬೇಡಿ.

ವಾರದ ನಡುವೆ, ಮಳೆಯ ದಿನ, ಮೂರು ಗಂಟೆಗೆ ಹೋದರೆ ಆರಾಮಾಗಿ ನೋಡಬಹುದು. ಶನಿವಾರ ಸಂಜೆ ಮಳೆ ಇರಲಿ ಬಿಡಲಿ ಕಾಲಿಡಲು ಜಾಗ ಇರುವುದಿಲ್ಲ. ಸಂತೆ ಸಾಮಾನ್ಯವಾಗಿ ಡಿಸೆಂಬರ್ 23ಕ್ಕೆ ಮುಗಿದುಬಿಡುತ್ತದೆ, 25ಕ್ಕೆ ಬಂದರೆ ಖಾಲಿ ಚೌಕ ಅಷ್ಟೇ. ಹಿಮವೇ ಬೇಕು ಅನ್ನುವವರು ಟಿಕೆಟನ್ನು ಫೆಬ್ರವರಿಗೆ ಮಾಡಿಸಿ, ಬ್ಲ್ಯಾಕ್ ಫಾರೆಸ್ಟ್‌ನ ಫೆಲ್ಡ್‌ಬರ್ಗ್ ಬೆಟ್ಟದ ಕಡೆ ಹೋಗಿ. 1493 ಮೀಟರ್ ಎತ್ತರ ಇದೆ. ಕ್ರಿಸ್ಮಸ್ ಹೊತ್ತಿನ ಈ ಬೆಚ್ಚನೆ ಗಾಳಿ ಬೀಸಿದರೆ ಅಲ್ಲೂ ಮಳೆಯೇ ಬರುವುದುಂಟು, ಅದಕ್ಕೇ ಫೆಬ್ರವರಿ ಅಂದಿದ್ದು.