ಅಜ್ಜನ ತೊಂಬತ್ತು ವರ್ಷ, ಎಪ್ಪತ್ತೆರಡು ಪುಟ: ಫೋಟೊಬುಕ್ ಸೇವೆಗಳ ವಿಮರ್ಶೆ

ತುಂಬು ಬಾಳು ಬಾಳಿ ಹೋದ ಮನೆಯ ಯಜಮಾನರ ನೆನಪಿಗೆ ಪುಸ್ತಕ ಮಾಡಿಸಲು ಹೊರಟವರಿಗೆ ಆನ್‌ಲೈನ್ ಫೋಟೊಬುಕ್ ಸೇವೆಗಳು ಎರಡು ದಾರಿ ಕೊಡುತ್ತವೆ. ಫೋಟೊಗಳನ್ನೆಲ್ಲ ಸುರಿದರೆ ತಾನೇ ಪುಟ ಜೋಡಿಸುವ ರೆಡಿಮೇಡ್ ವಿನ್ಯಾಸ ಒಂದು. ಪುಟಗಳನ್ನು ನಾವೇ ಕಟ್ಟಿ ಪಿಡಿಎಫ್ ಕಳಿಸುವುದು ಇನ್ನೊಂದು. ಪ್ರವಾಸದ ಆಲ್ಬಮ್ಮಿಗೆ ಮೊದಲನೆಯದು ಧಾರಾಳವಾಗಿ ಸಾಕು. ದೀರ್ಘ ಬದುಕಿನ ಪುಸ್ತಕಕ್ಕೆ ಮಾತ್ರ ಅದನ್ನು ಮುಟ್ಟಲೇಬೇಡಿ.

ರೆಡಿಮೇಡ್ ವಿನ್ಯಾಸ ಸಾಮಾನ್ಯವಾಗಿ ಫೈಲಿನ ತಾರೀಖು ನೋಡಿ ಫೋಟೊಗಳನ್ನು ಸಾಲಾಗಿ ಇಡುತ್ತದೆ. ಹಳೆಯ ಫೋಟೊ ಸ್ಕ್ಯಾನ್ ಮಾಡಿದರೆ ಅದಕ್ಕೆ ಅಂಟಿಕೊಳ್ಳುವುದು ಸ್ಕ್ಯಾನ್ ಮಾಡಿದ ದಿನದ ತಾರೀಖು. ಹಾಗಾಗಿ ಅಜ್ಜನ ಬಾಲ್ಯ ಕೊನೆಯ ಪುಟಕ್ಕೆ ಹೋಗಿ ಕೂರುತ್ತದೆ. ಇದನ್ನು ಕೈಯಲ್ಲಿ ಸರಿಪಡಿಸಬಹುದು. ಆದರೆ ಜಾಗ ಹಂಚುವ ರೀತಿ ಸರಿಹೋಗುವುದಿಲ್ಲ. ಕೊನೆಯ ಹತ್ತು ವರ್ಷದ ಮೊಬೈಲ್ ಫೋಟೊಗಳು ಸಾವಿರಾರು ಇರುತ್ತವೆ, ಮೊದಲ ನಲವತ್ತು ವರ್ಷದ್ದು ನಾಲ್ಕೋ ಐದೋ. ಎಣಿಕೆಯ ಪ್ರಕಾರ ಪುಟ ಹಂಚಿದರೆ, ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ, ಸಾಲ ತೀರಿಸಿದ ಮನುಷ್ಯ ಪುಸ್ತಕದಲ್ಲಿ ಕಾಣುವುದೇ ಇಲ್ಲ. ಕುರ್ಚಿಯಲ್ಲಿ ಕೂತ ಮುದುಕರೊಬ್ಬರು ಮಾತ್ರ ಉಳಿಯುತ್ತಾರೆ. 72 ಪುಟವಿದ್ದರೆ ಕೊನೆಯ ದಶಕಕ್ಕೆ ಹತ್ತು ಹನ್ನೆರಡು ಪುಟಕ್ಕಿಂತ ಹೆಚ್ಚು ಕೊಡಬೇಡಿ. ದುಡಿಮೆಯ ವರ್ಷಗಳಿಗೆ ಕನಿಷ್ಠ 30 ಪುಟ ಎತ್ತಿಡಿ.

ಫೋಟೊವೇ ಇಲ್ಲದೆ 30 ಪುಟ ತುಂಬುವುದು ಹೇಗೆ? ಅವರು ಬರೆದದ್ದರಿಂದ, ಬಳಸಿದ್ದರಿಂದ. ಲೆಕ್ಕದ ಪುಸ್ತಕದ ಒಂದು ಹಾಳೆ ಹತ್ತು ಭಾವಚಿತ್ರಗಳಿಗಿಂತ ಹೆಚ್ಚು ಹೇಳುತ್ತದೆ. ಅದನ್ನು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಬೇಡಿ. ಬಣ್ಣದಲ್ಲಿ, 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕಿ) ಮಾಡಿ. ತೆಳು ಹಾಳೆಯಾದರೆ ಹಿಂಬದಿಯ ಬರಹ ಮುಂದೆ ಮೂಡುತ್ತದೆ. ಹಾಳೆಯ ಹಿಂದೆ ಕಪ್ಪು ಕಾಗದ ಇಟ್ಟರೆ ಅದು ಬಹುಮಟ್ಟಿಗೆ ಅಡಗುತ್ತದೆ. ಹೀಗೆ ತೆಗೆದ ಪುಟದಲ್ಲಿ ಶಾಯಿ ಮುಗಿಯುತ್ತ ಬಂದು ಮತ್ತೆ ಅದ್ದಿದ ಜಾಗ, ಮೊತ್ತ ತಪ್ಪಿ ಒಂದೇ ಗೆರೆಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ತಿದ್ದಿದ ಅಂಕಿ, ಮಗಳ ಶುಲ್ಕದ ಸಾಲಿನ ಎದುರು ಹಾಕಿದ ಗುರುತು, ಎಲ್ಲವೂ ನಿಚ್ಚಳವಾಗಿ ಕಾಣುತ್ತವೆ. ಇಡೀ ಪುಟವನ್ನು ಇದೊಂದಕ್ಕೇ ಬಿಡಿ. ಮೂಲೆಯಲ್ಲಿ ಸಣ್ಣದಾಗಿ ಹಾಕಿದರೆ ಸತ್ವ ಹೋಗುತ್ತದೆ.

ಫೋಟೊಗಳ ಲೆಕ್ಕ ಸರಳ. ಮುದ್ರಣಕ್ಕೆ 300 ಡಿಪಿಐ ಬೇಕು. 10×15 ಸೆಂ.ಮೀ. ಫೋಟೊವನ್ನು 600ರಲ್ಲಿ ಸ್ಕ್ಯಾನ್ ಮಾಡಿದರೆ 20×30 ಸೆಂ.ಮೀ. ಪುಟದವರೆಗೆ ಹಿಗ್ಗಿಸಬಹುದು. ನೆಗೆಟಿವ್ ಸಿಕ್ಕರೆ ಪ್ರಿಂಟನ್ನು ಪಕ್ಕಕ್ಕಿಟ್ಟು ಅದನ್ನೇ ಸ್ಕ್ಯಾನ್ ಮಾಡಿ. ಸಾಮಾನ್ಯ 35 ಮಿ.ಮೀ. ಫಿಲ್ಮಿನಲ್ಲಿ ಚಿತ್ರದ ಅಳತೆ 24×36 ಮಿ.ಮೀ. ಮಾತ್ರ, ಆದ್ದರಿಂದ 3200 ಡಿಪಿಐ ಆದರೂ ಬೇಕು. ವಾಟ್ಸಾಪ್‌ನಲ್ಲಿ ಸಾಧಾರಣ ರೀತಿಯಲ್ಲಿ ಬಂದ ಫೋಟೊದ ಉದ್ದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಅದು ಹದಿಮೂರೂವರೆ ಸೆಂ.ಮೀ. ಮೀರಿದರೆ ಮಸುಕಾಗುತ್ತದೆ. ನೆಂಟರಿಂದ ತರಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ ಎಂದು ಹೇಳಿ. ಅಂಟಿನ ಹಾಳೆಯ ಆಲ್ಬಮ್ಮಿಗೆ ಕಚ್ಚಿಕೊಂಡ ಫೋಟೊವನ್ನು ಎಳೆಯಬಾರದು. ಹಲ್ಲಿನ ಸಂದಿ ಶುಚಿಮಾಡುವ, ಮೇಣವಿಲ್ಲದ ದಾರವನ್ನು ಅಡಿಯಲ್ಲಿ ಗರಗಸದಂತೆ ಆಡಿಸಿ. ಆಗಲೂ ಬಿಡದಿದ್ದರೆ ಹಾಳೆಸಮೇತ ಸ್ಕ್ಯಾನ್ ಮಾಡಿ.

ಈಗ ಬಹಳ ಸೇವೆಗಳು ‘ಮುಖ ಸುಧಾರಣೆ’ ಎಂಬ ಗುಂಡಿಯೊಂದನ್ನು ಇಟ್ಟಿವೆ. ದಯವಿಟ್ಟು ಒತ್ತಬೇಡಿ. ಅದು ಮಸುಕಾದ ಮುಖವನ್ನು ಸ್ಪಷ್ಟಗೊಳಿಸುವುದಿಲ್ಲ, ಊಹಿಸಿ ಹೊಸದಾಗಿ ಬರೆಯುತ್ತದೆ. ಗಲ್ಲದ ಮಚ್ಚೆ ಮಾಯವಾಗುತ್ತದೆ, ಸೊಟ್ಟ ಹಲ್ಲು ನೇರವಾಗುತ್ತದೆ, ಕಣ್ಣು ಬೇರೆ ಯಾರದೋ ಆಗುತ್ತದೆ. ಅಜ್ಜನನ್ನು ಕಂಡವರಿಗೆ ಇದು ಇವರಲ್ಲ ಎಂದು ಥಟ್ಟನೆ ಗೊತ್ತಾಗುತ್ತದೆ. ಕಾಣದ ಮೊಮ್ಮಕ್ಕಳು ಅದನ್ನೇ ನಿಜವೆಂದು ನಂಬಿಬಿಡುತ್ತಾರೆ. ಗೀರು, ಧೂಳು, ಕೆಂಪಡರಿದ ಬಣ್ಣ ತಿದ್ದುವಷ್ಟಕ್ಕೆ ನಿಲ್ಲಿಸಿ.

ಕನ್ನಡ ಬರಹದ ವಿಷಯಕ್ಕೆ ಬಂದರೆ, ರೆಡಿಮೇಡ್ ವಿನ್ಯಾಸಗಳು ಎಡವುವುದು ಇಲ್ಲೇ. ‘ಲಕ್ಷ್ಮಿ’ಯ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುವುದು, ‘ಸೂರ್ಯ’ದ ರಕಾರ ದಾರಿ ತಪ್ಪುವುದು, ಇಲ್ಲವೇ ಬರೀ ಚೌಕಗಳು ಬರುವುದು ಸಾಮಾನ್ಯ. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಯೂನಿಕೋಡ್ ಫಾಂಟ್ ಬಳಸಿ ಪಿಡಿಎಫ್ ಮಾಡಿದರೆ ಈ ಕಾಟವಿಲ್ಲ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ ಬಳಸುವವರು ಅದರಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬ ಆಯ್ಕೆಯನ್ನು ಆರಿಸದಿದ್ದರೆ ಅಲ್ಲೂ ಒಡೆಯುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫೈಲಿನಿಂದ ಪರಿವರ್ತಿಸಿದ ಬರಹವನ್ನು, ಅದರಲ್ಲೂ ಹೆಸರುಗಳನ್ನು, ಒಂದೊಂದಾಗಿ ಓದಿ ನೋಡಿ.

ಬೈಂಡಿಂಗ್‌ನಲ್ಲಿ ಆಯ್ಕೆ ಮೂರು. ಅಂಚಿಗೆ ಅಂಟು ಹಚ್ಚಿದ್ದು ಅಗ್ಗ, ಆದರೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಬಲವಂತದಿಂದ ಬಿಚ್ಚಿದರೆ ಹಾಳೆ ಕಳಚುತ್ತದೆ. ಚಪ್ಪಟೆಯಾಗಿ ತೆರೆದುಕೊಳ್ಳುವ ಲೇಫ್ಲಾಟ್ ನೋಡಲು ಬಲು ಚೆಂದ, ಗುಂಪಿನ ಫೋಟೊ ಎರಡು ಪುಟದುದ್ದಕ್ಕೂ ಹರಡಬಹುದು. ಆದರೆ ಹಾಳೆ ರಟ್ಟಿನಷ್ಟು ದಪ್ಪ, 72 ಪುಟಕ್ಕೆ ಎತ್ತಲಾರದ ಭಾರ. ಬರಹವೂ ಚಿತ್ರವೂ ಬೆರೆತ ಪುಸ್ತಕಕ್ಕೆ ದಾರದಲ್ಲಿ ಹೊಲಿದ ಗಟ್ಟಿ ರಟ್ಟಿನ ಬೈಂಡೇ ಸರಿ, ಆಮ್ಲರಹಿತ ಕಾಗದವಿದ್ದರೆ ಇನ್ನೂ ಒಳ್ಳೆಯದು. ಇದರಲ್ಲಿ ನಡುಮಡಿಕೆ ಪ್ರತಿ ಪುಟದಿಂದ ಒಂದು ಸೆಂ.ಮೀ.ನಷ್ಟು ನುಂಗುತ್ತದೆ. ಗುಂಪಿನ ಚಿತ್ರ ಹರಡುವಾಗ ಮಡಿಕೆ ಇಬ್ಬರ ನಡುವಿನ ಖಾಲಿ ಜಾಗಕ್ಕೆ ಬರುವಂತೆ ಸರಿಸಿ, ಇಲ್ಲದಿದ್ದರೆ ಯಾರದೋ ಮುಖ ಹೋಗುತ್ತದೆ. ಹೊರ ಅಂಚಿಗೆ ಕತ್ತರಿಸಲೆಂದು 3 ಮಿ.ಮೀ. ಹೆಚ್ಚುವರಿ ಬಿಡುವುದು ಬಹುತೇಕ ಎಲ್ಲ ಮುದ್ರಕರ ನಿಯಮ.

ಮೊದಲು ಒಂದೇ ಪ್ರತಿ ತರಿಸಿ. ಪರದೆಯಲ್ಲಿ ಬೆಳಗಿದ್ದ ಚಿತ್ರ ಕಾಗದದಲ್ಲಿ ಕಪ್ಪಾಗುತ್ತದೆ, ಹಳೆಯ ಫೋಟೊದ ಕಪ್ಪು ಕೋಟು ಗುಂಡಿಯೂ ಕಾಣದಂತೆ ಒಂದೇ ಮಸಿಯಾಗುತ್ತದೆ. ನೆರಳಿನ ಭಾಗವನ್ನಷ್ಟೇ ತುಸು ಬೆಳಗಿಸಿ ಮತ್ತೆ ಕಳಿಸಿ. ಅದೇ ಪ್ರತಿಯನ್ನು ಮನೆಯ ಅತಿ ಹಿರಿಯರ ಕೈಗೆ ಪೆನ್ಸಿಲ್ ಸಮೇತ ಕೊಡಿ. ಫೋಟೊ ಹಿಂದಿನ ಮೊಹರಿನ ತಾರೀಖು ಫಿಲ್ಮ್ ತೊಳೆದು ಪ್ರಿಂಟ್ ಹಾಕಿದ ದಿನದ್ದು, ಫೋಟೊ ತೆಗೆದ ದಿನದ್ದಲ್ಲ. ವರ್ಷ ತಪ್ಪಿದ್ದರೆ ಹಿಡಿಯುವವರು ಅವರೇ. ಗುಂಪಿನಲ್ಲಿ ಎಡದಿಂದ ಮೂರನೆಯವರು ಯಾರೆಂದು ಬಲ್ಲವರೂ ಅವರೊಬ್ಬರೇ ಇರಬಹುದು. ಉಳಿದ ಪ್ರತಿಗಳ ಆರ್ಡರನ್ನು ಆ ಪೆನ್ಸಿಲ್ ಗುರುತುಗಳು ಬಂದ ಮೇಲೆ ಕೊಡಿ.