ಕೊನೆಯ ತುಂಡು ಯಾರದು? ಬಾರಿನ ಮೇಜಿನಲ್ಲಿ ನಾಲ್ಕು ಕ್ರಮಗಳ ಹೋಲಿಕೆ

ನಾವು ಐದು ಜನ. ಒಬ್ಬಳು ಮಾಂಸ ಮುಟ್ಟುವುದಿಲ್ಲ, ಒಬ್ಬ ಮದ್ಯ ಮುಟ್ಟುವುದಿಲ್ಲ, ಇನ್ನೊಬ್ಬ ಹೇಳಿದ ಹೊತ್ತಿಗೆ ಬಂದದ್ದನ್ನು ಕಂಡವರಿಲ್ಲ. ವಾರದ ಕೊನೆಗೆ ಆಡಂಬರವಿಲ್ಲದ ಒಂದು ಬಾರಿನ ಮೂಲೆಯ ಮೇಜಿನಲ್ಲಿ ಎರಡು ಗಂಟೆ ಕೂರುವುದು ನಮ್ಮ ರೂಢಿ. ಕುಡಿಯುವ ವಿಷಯಕ್ಕೆ ನಮ್ಮಲ್ಲಿ ಎಂದೂ ಮನಸ್ತಾಪ ಬಂದಿಲ್ಲ, ಏಕೆಂದರೆ ಲೋಟ ಅವರವರದು. ತಟ್ಟೆ ಮಾತ್ರ ಎಲ್ಲರದು, ಹಾಗಾಗಿ ಯಾರದೂ ಅಲ್ಲ. ಒಂದು ರಾತ್ರಿ ಆರು ತುಂಡುಗಳ ತಟ್ಟೆಯಲ್ಲಿ ಕೊನೆಯದು ಮುಕ್ಕಾಲು ಗಂಟೆ ಅನಾಥವಾಗಿ ಉಳಿಯಿತು. ಐವರೂ ಅದನ್ನು ನೋಡುತ್ತಿದ್ದೆವು, ಐವರೂ ನೋಡದವರಂತೆ ಮಾತನಾಡುತ್ತಿದ್ದೆವು. ಕೊನೆಗೆ ಸಪ್ಲೈಯರ್ ತಟ್ಟೆಯ ಜೊತೆಗೆ ಅದನ್ನೂ ಎತ್ತಿಕೊಂಡು ಹೋದ. ತರಿಸುವ ಕ್ರಮವನ್ನೇ ಬದಲಿಸಿ ನೋಡೋಣ ಎಂದು ಅಂದು ನಾನು ಹಠ ಹಿಡಿದೆ. ನಾಲ್ಕು ಕ್ರಮಗಳು, ಒಂದೊಂದಕ್ಕೆ ಮೂರು ಸಂಜೆ.

ಮೊದಲನೆಯದು, ಅವರವರ ತಟ್ಟೆ ಅವರವರಿಗೆ. ಮಾಂಸ ತಿನ್ನದ ಗೆಳತಿಗೆ ಇದರಷ್ಟು ನೆಮ್ಮದಿ ಬೇರಾವುದರಲ್ಲೂ ಇರಲಿಲ್ಲ. ಅಡುಗೆಮನೆಯವರಿಗೆ ಮಾತ್ರ ಈ ನೆಮ್ಮದಿಯ ಪರಿವೆ ಇಲ್ಲ. ಒಂದೊಂದು ತಿನಿಸು ಒಂದೊಂದು ಹೊತ್ತಿಗೆ ಬರುತ್ತದೆ. ಮೊದಲು ಬಂದ ತಟ್ಟೆಯನ್ನು ನಾಲ್ಕು ಜೊತೆ ಕಣ್ಣುಗಳು ಕಾಯುತ್ತಿರುವಾಗ ತಿನ್ನುವುದು ಹೇಗೆ? ಎಲ್ಲರದೂ ಬಂದ ಮೇಲೆ ಎಲ್ಲರೂ ತಲೆ ತಗ್ಗಿಸಿದರು, ಮಾತು ನಿಂತಿತು. ಬಾರಿನಲ್ಲಿ ತಿನಿಸು ಮಾತಿನ ನಡುವೆ ನೆಂಚಿಕೊಳ್ಳುವುದಕ್ಕೆ. ತುಂಬು ತಟ್ಟೆ ಎರಡು ಕೈಯನ್ನೂ ಇಡೀ ಗಮನವನ್ನೂ ಕೇಳುತ್ತದೆ. ಇಷ್ಟರ ಮೇಲೆ, "ನನಗೆ ಹಸಿವೇ ಇಲ್ಲ" ಎಂದು ಏನೂ ತರಿಸದೆ ಕುಳಿತವನು ಮೂವರ ತಟ್ಟೆಯಿಂದ ಆಲೂಗಡ್ಡೆ ಫ್ರೈ ಎತ್ತಿಕೊಂಡು ಎಲ್ಲರಿಗಿಂತ ಹೆಚ್ಚು ತಿಂದ. ಪ್ರತಿ ಗುಂಪಿನಲ್ಲಿಯೂ ಇಂಥವನೊಬ್ಬ ಇರುತ್ತಾನೆ. ನಮ್ಮ ಗುಂಪಿನಲ್ಲಿ ಅದು ನಾನೇ.

ಇದರ ನಿಜವಾದ ಗುಣ ಕಂಡದ್ದು ಬಿಲ್ ಬಂದಾಗ: ಇಲ್ಲಿ ಅವರವರು ತರಿಸಿದ್ದಕ್ಕೆ ಅವರವರೇ ಹಣ ಕೊಟ್ಟರು, ಉಳಿದ ಮೂರು ಕ್ರಮಗಳಲ್ಲಿ ಸಮಪಾಲು. ಒಟ್ಟು ಮೊತ್ತವನ್ನು ಸಮನಾಗಿ ಹಂಚಿಕೊಳ್ಳುತ್ತೇವೆ ಎಂದು ಮೊದಲೇ ಗೊತ್ತಿದ್ದರೆ ಜನ ಹೆಚ್ಚು ತರಿಸುತ್ತಾರೆ ಎಂಬುದನ್ನು ಇಸ್ರೇಲಿನ ರೆಸ್ಟೋರೆಂಟ್ ಒಂದರಲ್ಲಿ ಆರಾರು ಜನರ ಗುಂಪುಗಳನ್ನು ಕೂರಿಸಿ ಪರೀಕ್ಷಿಸಿದ್ದರು. 2004ರಲ್ಲಿ ಅದರ ವರದಿ ಪ್ರಕಟವಾಯಿತು. ಅಲ್ಲಿ ಕುಳಿತವರಿಗೆ ಪರಸ್ಪರ ಪರಿಚಯವಿರಲಿಲ್ಲ. ಹಳೆಯ ಗೆಳೆಯರು ಹಾಗೆ ಮಾಡಲಾರರು ಎಂದು ನಾನು ನಂಬಿದ್ದೆ. ನಮ್ಮ ಮೂರು ಸಂಜೆಯ ಬಿಲ್ಲುಗಳನ್ನು ಉಳಿದ ಒಂಬತ್ತರ ಪಕ್ಕದಲ್ಲಿ ಇಟ್ಟು ನೋಡಿದ ಮೇಲೆ ಆ ನಂಬಿಕೆ ಕರಗಿತು.

ಎರಡನೆಯದು ದೊಡ್ಡ ಹರಿವಾಣ. ಎಲ್ಲ ಬಗೆಯನ್ನೂ ಒಂದೇ ಕಡೆ ಗುಡ್ಡೆ ಹಾಕಿ ಮೇಜಿನ ನಡುವೆ ಇಳಿಸುತ್ತಾರೆ. ಆ ಕ್ಷಣದ ವೈಭವಕ್ಕೆ ಪೂರ್ಣ ಅಂಕ. ಹತ್ತು ನಿಮಿಷ ಕಳೆದ ಮೇಲೆ ಶೂನ್ಯ. ಸುಮಾರು 175ರಿಂದ 180 ಡಿಗ್ರಿ ಸೆಲ್ಸಿಯಸ್ ಎಣ್ಣೆಯಲ್ಲಿ ಬೇಯುವಾಗ ತುಂಡಿನ ಹೊರಮೈಯ ನೀರೆಲ್ಲ ಆವಿಯಾಗಿ ಹೋಗುತ್ತದೆ, ಗರಿಗರಿ ಬರುವುದು ಹಾಗೆ. ಎಣ್ಣೆಯಿಂದ ತೆಗೆದ ಮೇಲೆ ಒಳಗಿನ ತೇವ ಮೆಲ್ಲಗೆ ಹೊರಪದರಕ್ಕೆ ಬರುತ್ತದೆ. ಗುಡ್ಡೆ ಹಾಕಿದಾಗ ಕೆಳಗಿನ ತುಂಡುಗಳ ಹಬೆಗೆ ಹೋಗಲು ದಾರಿಯೇ ಇಲ್ಲ. ಅವು ತಮ್ಮದೇ ಹಬೆಯಲ್ಲಿ ಮೆತ್ತಗಾಗುತ್ತವೆ. ಕರಗಿದ್ದ ಚೀಸ್ ಆರಿ ತೊಗಲಿನಂತಾಗುತ್ತದೆ. ತಡವಾಗಿ ಬಂದವನಿಗೆ ಸಿಕ್ಕಿದ್ದು ಆ ತೊಗಲು.

ಹರಿವಾಣದ ಮೇಲೆ ನನಗಿರುವ ದೊಡ್ಡ ದೂರು ಬೇರೆ. ಕೋಳಿಯ ತುಂಡುಗಳು ಉರುಳಿ ತರಕಾರಿಯ ಮೇಲೆ ಬಿದ್ದವು, ಗೆಳತಿ ಒಂದು ಬದಿಯ ಸೌತೆಕಾಯಿ ತಿಂದು ಸಂಜೆ ಕಳೆದಳು. ಅವಳು ಒಂದು ಮಾತೂ ಆಡಲಿಲ್ಲ, ನಮಗೂ ಹೊರಗೆ ಬರುವವರೆಗೆ ಹೊಳೆಯಲಿಲ್ಲ. ಇನ್ನು ತುಂಡು ಅದ್ದಿಕೊಳ್ಳಲು ನಡುವೆ ಇಟ್ಟ ಬಟ್ಟಲು. ಕಚ್ಚಿದ ತುಂಡನ್ನೇ ಮತ್ತೆ ಅದ್ದಿದರೆ ಬಾಯಿಯ ಬ್ಯಾಕ್ಟೀರಿಯಾ ಬಟ್ಟಲಿಗೆ ಸೇರುತ್ತದೆ ಎಂಬುದನ್ನು ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಅಳೆದೇ ತೋರಿಸಿದ್ದಾರೆ. ಅದನ್ನು ಮೇಜಿನಲ್ಲಿ ಹೇಳಿದ ತಪ್ಪಿಗೆ ಆ ರಾತ್ರಿಯೆಲ್ಲ ನನ್ನನ್ನು "ಆರೋಗ್ಯ ಇಲಾಖೆ" ಎಂದು ಕರೆದರು. ಆದರೆ ಅಂದಿನಿಂದ ಎಲ್ಲರೂ ಒಂದೊಂದು ಚಮಚ ತಮ್ಮ ತಟ್ಟೆಗೆ ಬಡಿಸಿಕೊಂಡೇ ಅದ್ದುತ್ತಾರೆ.

ಮೂರನೆಯ ಕ್ರಮದಲ್ಲಿ ಚಿಕ್ಕ ತಟ್ಟೆಗಳು, ಒಮ್ಮೆಗೆ ಎರಡೇ. ಅವು ಮುಗಿಯುತ್ತ ಬಂದಾಗ ಮುಂದಿನ ಎರಡು. ಪ್ರತಿ ತಟ್ಟೆಯೂ ಬಿಸಿಯಾಗಿ ಬಂತು, ಬಿಸಿ ಆರುವ ಮೊದಲೇ ಖಾಲಿಯಾಯಿತು. ಎರಡರಲ್ಲಿ ಒಂದು ಮಾಂಸವಿಲ್ಲದ್ದು ಎಂದು ಮೊದಲೇ ಗೊತ್ತುಮಾಡಿಕೊಂಡೆವು. ಚೆನ್ನಾಗಿಲ್ಲದ ತಟ್ಟೆ ಬಂದರೂ ನಷ್ಟ ಚಿಕ್ಕದು. ಹೊಟ್ಟೆ ತುಂಬಿದ್ದು ಗೊತ್ತಾಗಿ ನಿಲ್ಲಿಸಲು ನಡುವೆ ಎಡೆ ಇತ್ತು; ಹರಿವಾಣ ಅಂಥ ಎಡೆ ಕೊಡುವುದಿಲ್ಲ. ಕಷ್ಟವೂ ಇತ್ತು. ಜನ ತುಂಬಿದ ಹೊತ್ತಿನಲ್ಲಿ ಮುಂದಿನ ಎರಡು ಬರಲು ಅರ್ಧ ಗಂಟೆ ಹಿಡಿಯಿತು, ಆ ಬಿಡುವಿನಲ್ಲಿ ಬೇಕಿಲ್ಲದ ಲೋಟಗಳು ಬಂದವು.

ಕೊನೆಯ ತುಂಡಿನ ಗುಟ್ಟು ನನಗೆ ಬಿಟ್ಟುಕೊಟ್ಟದ್ದು ಈ ಚಿಕ್ಕ ತಟ್ಟೆಗಳೇ. ದಾಕ್ಷಿಣ್ಯ ಹುಟ್ಟುವುದು ಎಣಿಸಬಹುದಾದ ತಿನಿಸಿನಲ್ಲಿ ಮಾತ್ರ. ಪನೀರ್ ತುಂಡು ಆರು ಎಂದರೆ ಆರು. ತಟ್ಟೆ ಮೇಜಿಗೆ ಮುಟ್ಟುವ ಮೊದಲೇ ಐವರ ಮನಸ್ಸೂ ಭಾಗಾಕಾರ ಮಾಡಿ ಮುಗಿಸಿರುತ್ತದೆ. ಎರಡನೆಯದಕ್ಕೆ ಕೈ ಚಾಚಿದವನು ಉಳಿದವರ ಲೆಕ್ಕದಲ್ಲಿ ಸಾಲಗಾರ. ಹುರಿದ ಕಡಲೆಕಾಯಿ ಬೀಜವನ್ನು, ಆಲೂಗಡ್ಡೆ ಫ್ರೈಯನ್ನು ಯಾರು ಎಣಿಸುತ್ತಾರೆ? ಅಲ್ಲಿ ಕೈಗಳು ನಾಚಿಕೆ ಇಲ್ಲದೆ ಓಡಾಡುತ್ತವೆ, ಕೊನೆಯ ಚೂರು ಯಾರ ಬಾಯಿಗೆ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಇದು ಹೊಳೆದ ಮೇಲೆ ಎರಡು ತಟ್ಟೆಗಳಲ್ಲಿ ಒಂದು ಯಾವಾಗಲೂ ಎಣಿಕೆಗೆ ಸಿಗದ್ದೇ ಇರುವಂತೆ ನೋಡಿಕೊಂಡೆವು. ಮೇಜಿನ ಬಿಗುವು ಅಂದೇ ಸಡಿಲವಾಯಿತು.

ನಾಲ್ಕನೆಯದು, ಒಬ್ಬರ ಪಾರುಪತ್ಯ. ಒಬ್ಬರು ತರಿಸುವುದು, ಉಳಿದವರು ತಕರಾರಿಲ್ಲದೆ ತಿನ್ನುವುದು. ಮೆನು ಹಿಡಿದು ಮೀನಮೇಷ ಎಣಿಸುವ ಕಾಲು ಗಂಟೆ ಉಳಿಯಿತು. ಆದರೆ ಫಲ ಪೂರ್ತಿ ಪಾರುಪತ್ಯಗಾರನ ಕೈಗುಣ. ನಾನು ಮಾಡಿದ ಸಂಜೆ ಎಲ್ಲವೂ ಖಾರ, ಎಲ್ಲವೂ ಕರಿದದ್ದು. ತಡವಾಗಿ ಬರುವವನ ಸರದಿಯಲ್ಲಿ ಅವನು ಬರುವವರೆಗೆ ಏನೂ ಇಲ್ಲ. ಮದ್ಯ ಮುಟ್ಟದ ಗೆಳೆಯನ ಸಂಜೆ ಮಾತ್ರ ಹನ್ನೆರಡರಲ್ಲಿ ಅತ್ಯುತ್ತಮ. ಅವನು ಕೂತ ಕೂಡಲೇ, ಲೋಟ ಬರುವ ಮೊದಲೇ, ಹೊಟ್ಟೆಗೆ ಆಧಾರವಾಗುವ ಒಂದನ್ನು ತರಿಸಿದ. ಅದಕ್ಕೆ ಕಾರಣ ಇದೆ: ಮದ್ಯ ರಕ್ತಕ್ಕೆ ಸೇರುವುದು ಹೆಚ್ಚಾಗಿ ಸಣ್ಣ ಕರುಳಿನಲ್ಲಿ. ಜಠರದಲ್ಲಿ ಆಹಾರ ಇದ್ದರೆ ಮದ್ಯ ಅಲ್ಲಿಗೆ ಇಳಿಯುವುದು ನಿಧಾನವಾಗುತ್ತದೆ. ಸಂಗೀತದ ಸದ್ದು ಏರುವ ಮೊದಲೇ ರುಚಿ ಸೂಕ್ಷ್ಮವಾದವುಗಳನ್ನು ಮುಗಿಸಿ, ಆಮೇಲೆ ಗರಿಗರಿಯಾದವನ್ನು ತರಿಸಿದ್ದೂ ಅವನ ಜಾಣತನ. ದೊಡ್ಡ ಸದ್ದಿನಲ್ಲಿ ಉಪ್ಪು, ಸಿಹಿ ಮಂದವಾಗಿ ತೋರುತ್ತವೆ, ಗರಿಗರಿ ಹೆಚ್ಚಾಗಿ ತೋರುತ್ತದೆ ಎಂದು 2011ರ ಒಂದು ಅಧ್ಯಯನ ಹೇಳಿತ್ತು. ಅವನು ಅದನ್ನು ಓದಿದವನಲ್ಲ. ಎರಡು ಗಂಟೆ ಸ್ವಸ್ಥವಾಗಿ ಕೂತು ಗಮನಿಸಿದವನು, ಅಷ್ಟೆ.

ಈಗ ನಮ್ಮದು ಮೂರನೆಯ ಮತ್ತು ನಾಲ್ಕನೆಯ ಕ್ರಮಗಳ ಬೆರಕೆ. ಚಿಕ್ಕ ತಟ್ಟೆಗಳು, ಪಾರುಪತ್ಯ ಮದ್ಯ ಮುಟ್ಟದ ಗೆಳೆಯನದೇ. ಇಬ್ಬರೇ ಹೋದರೆ, ಅಥವಾ ಎಲ್ಲರೂ ಊಟ ಬಿಟ್ಟು ಬಂದಿದ್ದರೆ, ಅವರವರ ತಟ್ಟೆಯೇ ಲೇಸು. ಹರಿವಾಣವನ್ನು ಹತ್ತು ಜನರಾದರೆ ನೋಡೋಣ ಎಂದು ಬದಿಗಿಟ್ಟಿದ್ದೇವೆ. ಹತ್ತು ಜನ ಎಂದೂ ಆಗಿಲ್ಲ. ಎಣಿಕೆಯ ತಿನಿಸಿನಲ್ಲಿ ಮಿಕ್ಕ ಒಂದು ತುಂಡು ತಡವಾಗಿ ಬರುವವನ ಪಾಲು ಎಂದು ನಿಯಮ ಮಾಡಿ ಆ ಕಗ್ಗಂಟನ್ನೂ ಬಿಡಿಸಿಕೊಂಡೆವು.

ಕಳೆದ ವಾರ ಅವನು ಸಮಯಕ್ಕೆ ಸರಿಯಾಗಿ ಬಂದುಬಿಟ್ಟ. ಆರನೆಯ ತುಂಡನ್ನು ಮತ್ತೆ ಸಪ್ಲೈಯರ್ ಎತ್ತಿಕೊಂಡು ಹೋದ.