ಹೊಗೆಯನ್ನು ಒಣದಾಗಿಡುವ ತೊಟ್ಟಿ ಪೈಪು: ಮುಂಬೈಯ ಹಲವು ಮಳೆಗಾಲಗಳ ಬಳಕೆಯ ನಂತರ

ತಂಬಾಕಿನ ಪೈಪು ಮಾರುವವರು ಸಾಮಾನ್ಯವಾಗಿ ಎರಡು ಗುಣಗಳನ್ನು ಒಟ್ಟಿಗೆ ಹೇಳುತ್ತಾರೆ: ಹೊಗೆ ತಂಪಾಗಿರುತ್ತದೆ, ಹೊಗೆ ಒಣದಾಗಿರುತ್ತದೆ. ಇವೆರಡೂ ಒಂದಕ್ಕೊಂದು ಎದುರಾದ ಬೇಡಿಕೆಗಳು ಎಂಬುದು, ನೀರು ಕೂಡಲು ಒಳಗೊಂದು ಚಿಕ್ಕ ತೊಟ್ಟಿ ಇರುವ ಬಾಗಿದ ಪೈಪೊಂದನ್ನು ಮುಂಬೈಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ ನನಗೆ ಖಚಿತವಾಗಿದೆ. ಹೊಗೆ ತಣಿದಷ್ಟೂ ಅದರೊಳಗಿನ ಆವಿ ನೀರಾಗುತ್ತದೆ. ಹಾಗಾಗಿ ನೀರೇ ಆಗದಂತೆ ತಡೆಯುವ ಪೈಪನ್ನು ಯಾರೂ ಮಾಡಲಾರರು. ಆದ ನೀರು ಎಲ್ಲಿ ಬೀಳಬೇಕು, ಅಲ್ಲಿಂದ ಮತ್ತೆ ಹೊಗೆಯ ದಾರಿಗೆ ಏಕೆ ಬರಬಾರದು ಎಂಬುದನ್ನು ಮೊದಲೇ ಯೋಚಿಸಿ ಕೊರೆದ ಪೈಪನ್ನು ಮಾತ್ರ ಮಾಡಬಹುದು. ನನ್ನ ಪೈಪನ್ನು ನಾನು ಈ ಒಂದು ಅಳತೆಯಿಂದಲೇ ಇಲ್ಲಿ ಪರೀಕ್ಷಿಸಿದ್ದೇನೆ.

ಪೈಪು ಬ್ರೈಯರ್ ಮರದ್ದು, ಎಂದರೆ ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬುಡಗಂಟಿನದು. ಬಾಯಿಕೊಳವೆ ಎಬೊನೈಟಿನದು, ಎಂದರೆ ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರಿನದು, ಅದು ಕೂರುವ ಕುತ್ತಿಗೆಗೆ ನಿಕ್ಕಲ್ ಬಳೆ ಇದೆ. ತಯಾರಕರ ಹೆಸರನ್ನು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ, ಏಕೆಂದರೆ ಈ ವಿನ್ಯಾಸ ಅವರದಲ್ಲ. ಲಾಟ್ವಿಯಾದಲ್ಲಿ ಹುಟ್ಟಿ ಡಬ್ಲಿನ್ ನಗರಕ್ಕೆ ಬಂದು ನೆಲೆಸಿದ ಚಾರ್ಲ್ಸ್ ಪೀಟರ್ಸನ್ ಇದಕ್ಕೆ 1890ರಲ್ಲಿ ಪೇಟೆಂಟ್ ಪಡೆದರು; ಹೊಗೆಯನ್ನು ನಾಲಿಗೆಯ ಮೇಲಲ್ಲದೆ ಅಂಗುಳಿನ ಕಡೆಗೆ ತಿರುಗಿಸುವ ಬಾಯಿತುದಿಯನ್ನು 1898ರಲ್ಲಿ ಸೇರಿಸಿದರು. ಅವರ ಕಂಪನಿ ಇಂದಿಗೂ ಅದನ್ನು ‘ಸಿಸ್ಟಮ್’ ಪೈಪು ಎಂದೇ ಮಾರುತ್ತದೆ. ನನ್ನಲ್ಲಿರುವುದು ಅದೇ ಕಲ್ಪನೆಯನ್ನು ಅನುಸರಿಸಿ ಬೇರೆಯವರು ಮಾಡಿದ ಪೈಪು.

ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಮಂದಿ ಅದನ್ನು ಬಾಯಿಯ ಎಂಜಲು ಎಂದೇ ತಿಳಿದಿರುತ್ತಾರೆ. ಎಂಜಲಿನ ಪಾಲು ಇಲ್ಲವೆಂದಲ್ಲ, ಆದರೆ ಅದು ಚಿಕ್ಕದು. ಪೈಪಿಗೆ ತುಂಬುವ ತಂಬಾಕಿನಲ್ಲಿಯೇ ತೂಕದ ಶೇಕಡಾ 12ರಿಂದ 20ರಷ್ಟು ತೇವ ಇರುತ್ತದೆ. ಅದನ್ನು ಸಂಪೂರ್ಣ ಒಣಗಿಸಿ ತುಂಬಿದರೂ ನೀರು ತಪ್ಪುವುದಿಲ್ಲ, ಏಕೆಂದರೆ ಎಲೆಯ ಸೆಲ್ಯುಲೋಸ್ ಮತ್ತು ಸಕ್ಕರೆಯಲ್ಲಿರುವ ಹೈಡ್ರೋಜನ್ ಸುಡುವಾಗ ನೀರಾಗಿಯೇ ಹೊರಬರುತ್ತದೆ. ಒಂದು ಗ್ರಾಂ ಸೆಲ್ಯುಲೋಸ್ ಪೂರ್ತಿ ಸುಟ್ಟರೆ ಅರ್ಧ ಗ್ರಾಂಗಿಂತ ತುಸು ಹೆಚ್ಚು ನೀರು ಹುಟ್ಟುತ್ತದೆ. ಪೈಪಿನೊಳಗೆ ದಹನ ಎಂದೂ ಪೂರ್ಣವಾಗುವುದಿಲ್ಲವಾದರೂ, ಎರಡು ಮೂರು ಗ್ರಾಂ ತಂಬಾಕು ಹಿಡಿಯುವ ಬಟ್ಟಲಿನಿಂದ ಎಷ್ಟು ಆವಿ ಏಳಬಹುದು ಎಂಬುದನ್ನು ಇದರಿಂದ ಊಹಿಸಿಕೊಳ್ಳಬಹುದು. ಈ ಆವಿ ಕೆಂಡದ ಬಳಿ ಇರುವವರೆಗೆ ಆವಿಯಾಗಿಯೇ ಇರುತ್ತದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ಗಾಳಿ ಘನಮೀಟರಿಗೆ ಸುಮಾರು 130 ಗ್ರಾಂ ಆವಿಯನ್ನು ಹೊರಬಲ್ಲದು. 30 ಡಿಗ್ರಿಗೆ ಇಳಿದರೆ ಅದರ ಶಕ್ತಿ ಸುಮಾರು 30 ಗ್ರಾಂಗೆ ಕುಗ್ಗುತ್ತದೆ. ಉಳಿದದ್ದೆಲ್ಲ, ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಹನಿಗಟ್ಟುವಂತೆ, ಕೊಳವೆಯ ಗೋಡೆಗೆ ಹನಿಯಾಗಿ ಅಂಟಿಕೊಳ್ಳಲೇಬೇಕು.

ಸಾಮಾನ್ಯ ಪೈಪಿನಲ್ಲಿ ಈ ಹನಿಗಳು ಕೂಡುವ ಜಾಗ ಮರ ಮತ್ತು ಬಾಯಿಕೊಳವೆ ಸೇರುವ ಕೀಲು. ಕೊಳವೆಯ ತುದಿಗೂ ಮರದಲ್ಲಿ ಕೊರೆದ ತೂತಿನ ತಳಕ್ಕೂ ನಡುವೆ ಕೂದಲೆಳೆಯಷ್ಟಾದರೂ ಸಂದು ಉಳಿದಿರುತ್ತದೆ. ಹೊಗೆ ಅಲ್ಲಿಗೆ ಬಂದೊಡನೆ ಅಡ್ಡಾದಿಡ್ಡಿ ಸುಳಿಯುತ್ತದೆ, ಸುಳಿದಲ್ಲಿ ತಣಿಯುತ್ತದೆ, ತಣಿದಲ್ಲಿ ನೀರು ಬಿಡುತ್ತದೆ. ನೀರಿಗೆ ಬೇರೆಲ್ಲಿಯೂ ಹೋಗಲು ಸ್ಥಳವಿಲ್ಲದ ಕಾರಣ ಮುಂದಿನ ಎಳೆತಕ್ಕೆ ಅದು ಗುಳುಗುಳು ಸದ್ದು ಮಾಡುತ್ತ ಬಾಯಿಗೆ ಬರುತ್ತದೆ. ಪೀಟರ್ಸನ್ ಮಾಡಿದ ಕೆಲಸದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಅವರು ಆ ಸಂದನ್ನು ಮುಚ್ಚಲು ಹೋಗಲಿಲ್ಲ, ಅದನ್ನೇ ಅಗಲಿಸಿ, ಗಾಳಿದಾರಿಗಿಂತ ಕೆಳಕ್ಕೆ ಆಳಗೊಳಿಸಿ, ನೀರು ನಿಲ್ಲುವ ತೊಟ್ಟಿಯನ್ನಾಗಿ ಮಾಡಿದರು. ನನ್ನ ಪೈಪಿನಲ್ಲಿ ಬಟ್ಟಲಿನಿಂದ ಬರುವ ದಾರಿ 4 ಮಿಲಿಮೀಟರ್ ಅಗಲವಿದೆ, ಅದು ತೆರೆದುಕೊಳ್ಳುವ ತೊಟ್ಟಿ 9 ಮಿಲಿಮೀಟರ್. ಅಡ್ಡಕೊಯ್ತದ ವಿಸ್ತಾರ ಐದು ಪಟ್ಟು ಹೆಚ್ಚಿದಾಗ ಹೊಗೆಯ ವೇಗ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಗುರವಾದ ಹೊಗೆ ಮೇಲಕ್ಕೆ ತಿರುಗಿ ಬಾಯಿಕೊಳವೆಯನ್ನು ಸೇರುತ್ತದೆ, ಭಾರವಾದ ಹನಿಗಳಿಗೆ ಹಾಗೆ ತಿರುಗಲು ಆಗದೆ ಅವು ಕೆಳಗೆ ಬೀಳುತ್ತವೆ.

ಕಾಗದದ ಮೇಲೆ ಇದು ಹೀಗಿದೆ. ನನ್ನ ಕೈಗೆ ಬಂದ ಪೈಪು ಮೊದಲ ವರ್ಷ ಹೀಗೆ ನಡೆಯಲಿಲ್ಲ. ತೊಟ್ಟಿಯಲ್ಲಿ ನೀರು ಸೇರುತ್ತಿತ್ತು, ಆದರೂ ಬಟ್ಟಲು ಅರ್ಧ ಉರಿಯುವ ಹೊತ್ತಿಗೆ ಹೊಗೆ ತೇವವಾಗುತ್ತಿತ್ತು. ಮಾಟುಂಗಾದ ಕರ್ನಾಟಕ ಸಂಘದ ಕಾರ್ಯಕ್ರಮವೊಂದರಲ್ಲಿ ಪರಿಚಯವಾದ, ಕುಂದಾಪುರದ ಕಡೆಯ ಹಿರಿಯರೊಬ್ಬರು ಸಾಕಿನಾಕಾದ ಒಂದು ಗಾಲಾದಲ್ಲಿ, ಎಂದರೆ ಚಿಕ್ಕ ಕಾರ್ಖಾನೆಯಲ್ಲಿ, ಬಹುಕಾಲ ಲೇತ್ ಮೇಲೆ ದುಡಿದವರು. ಅವರು ಪೈಪನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ತೊಟ್ಟಿಯದ್ದೇನೂ ತಪ್ಪಿಲ್ಲ ಮಾರಾಯ್ರೇ, ನೀರು ಗೋಡೆ ಹಿಡಿದು ಹತ್ತಿ ಬರ್ತಾ ಉಂಟು, ನಿಮ್ಮ ಕೊಳವೆಯ ಬಾಯಿ ಗೋಡೆಗೇ ತಾಗಿದೆ” ಎಂದರು. ಮಾತು ಅಕ್ಷರಶಃ ನಿಜವಾಗಿತ್ತು. ಹನಿಗಳೆಲ್ಲವೂ ನೇರವಾಗಿ ತಳಕ್ಕೆ ಬೀಳುವುದಿಲ್ಲ. ಒಂದು ಪಾಲು ಗೋಡೆಯ ಮೇಲೆ ತೆಳುವಾದ ಪದರವಾಗಿ ಹರಡಿ, ಎಳೆತದ ಜೋರಿಗೆ ಮುಂದಕ್ಕೆ ಜಾರುತ್ತದೆ. ಬಾಯಿಕೊಳವೆಯ ತೂತು ಗೋಡೆಗೆ ಸಮವಾಗಿ ಮುಗಿದರೆ ಆ ಪದರಕ್ಕೆ ಅಡ್ಡಿಯೇ ಇರುವುದಿಲ್ಲ. ಅವರು ಕೊಳವೆಯ ತುದಿಗೆ ಅಲ್ಯೂಮಿನಿಯಮಿನ ಒಂದು ಕಿರುನಳಿಕೆಯನ್ನು ಕೂರಿಸಿ, ಅದು ತೊಟ್ಟಿಯ ನಡುವೆ ಗೋಡೆಯನ್ನು ಮುಟ್ಟದೆ ನಿಲ್ಲುವಂತೆ ಮಾಡಿದರು. ಕೊಳವೆಯ ಒಳದಾರಿಯಲ್ಲಿ ಡ್ರಿಲ್ ಬಿಟ್ಟಿದ್ದ ಮೆಟ್ಟಿಲನ್ನು ತೂತು ನಯಗೊಳಿಸುವ ರೀಮರ್ ಎಂಬ ಉಪಕರಣ ಆಡಿಸಿ ತೆಗೆದು, ಒಳತುದಿಯಲ್ಲಿ ಅಗಲವಾಗಿಯೂ ಬಾಯಿಯ ಕಡೆಗೆ ಹಂತಹಂತವಾಗಿ ಕಿರಿದಾಗಿಯೂ ಇರುವ ಹಾಗೆ ನಯಗೊಳಿಸಿದರು. ಹಳೆಯ ಸಿಸ್ಟಮ್ ಪೈಪುಗಳ ಕೆಲವು ಮಾದರಿಗಳಲ್ಲಿ ಇಂಥದೇ ಲೋಹದ ನಳಿಕೆ ಇರುತ್ತದೆ, ಅದನ್ನು ಅಲಂಕಾರವೆಂದು ಬಗೆದು ಕಿತ್ತುಹಾಕುವವರೂ ಇದ್ದಾರೆ. ನನ್ನ ಅನುಭವದಲ್ಲಿ ಈ ವಿನ್ಯಾಸದ ಪ್ರಾಣವೇ ಅದು. ಆ ದುರಸ್ತಿಯ ನಂತರ ಇದು ಬೇರೆಯೇ ಪೈಪು ಎನ್ನುವಷ್ಟು ವ್ಯತ್ಯಾಸ ಕಂಡಿತು. ಒಣ ತಿಂಗಳುಗಳಲ್ಲಿ ಬಟ್ಟಲಿನ ತಳದವರೆಗೆ ಒಂದು ಸದ್ದೂ ಇಲ್ಲದೆ ಉರಿಯುತ್ತದೆ, ಕೊನೆಯಲ್ಲಿ ಬೂದಿಯಷ್ಟೇ ಉಳಿಯುತ್ತದೆ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯ ಗಾಳಿ ತಾನೇ ಆವಿಯನ್ನು ಹೊತ್ತು ದಣಿದಿರುತ್ತದೆ. ಪೈಪಿನೊಳಗೆ ಹುಟ್ಟಿದ ಆವಿಗೆ ಅದರಲ್ಲಿ ಉಳಿದಿರುವ ಎಡೆ ಕಡಿಮೆ. ತಂಬಾಕು ಕೂಡ ಗಾಳಿಯ ತೇವವನ್ನು ಹೀರಿಕೊಂಡು ಮೆತ್ತಗಾಗುತ್ತದೆ. ಇದೇ ಪೈಪು, ಇದೇ ತಂಬಾಕಿನ ಜೊತೆ ಏಪ್ರಿಲ್ ತಿಂಗಳಲ್ಲಿ ಪುಣೆಯ ಕೋಥರೂಡಿನಲ್ಲಿರುವ ಅಣ್ಣನ ಮನೆಗೆ ಹೋದಾಗ ತೊಟ್ಟಿಯಲ್ಲಿ ಕೂಡುವ ನೀರು ಕೆಲವೇ ಹನಿ. ಜುಲೈಯಲ್ಲಿ ಇಲ್ಲಿ ಅದೇ ತೊಟ್ಟಿಯನ್ನು ಒಂದು ಬಟ್ಟಲು ಮುಗಿಯುವ ಮೊದಲೇ ಬರಿದು ಮಾಡಬೇಕಾಗುತ್ತದೆ. ಆದ್ದರಿಂದ ಪೈಪಿನ ವಿನ್ಯಾಸವನ್ನು ಊರಿನ ಹವೆಯಿಂದ ಬೇರ್ಪಡಿಸಿ ಹೊಗಳುವುದೂ ತೆಗಳುವುದೂ ನ್ಯಾಯವಲ್ಲ. ಮಳೆಗಾಲದಲ್ಲಿ ತಂಬಾಕನ್ನು ಕಾಗದದ ಮೇಲೆ ಹರಡಿಟ್ಟು ಕಾಯುವುದರಿಂದ ಪ್ರಯೋಜನವಿಲ್ಲ, ಹೊರಗಿನ ಗಾಳಿಗೆ ಅದನ್ನು ಒಣಗಿಸುವ ಶಕ್ತಿಯೇ ಇರುವುದಿಲ್ಲ. ಏಸಿ ನಡೆಯುತ್ತಿರುವ ಕೋಣೆಯಲ್ಲಿ, ಇಲ್ಲವೇ ಮೇಜುದೀಪದ ಬಿಸಿಯಲ್ಲಿ, ಬೆರಳಿಗೆ ಅಂಟದೆ ಆದರೆ ಪುಡಿಯೂ ಆಗದ ಹದಕ್ಕೆ ತರುವುದು ನನಗೆ ಒಗ್ಗಿದ ಕ್ರಮ. ಪರಿಮಳ ಬೆರೆಸಿದ ತಂಬಾಕುಗಳಿಗೆ ಈ ಉಪಾಯವೂ ನಾಟುವುದಿಲ್ಲ. ಅವುಗಳಲ್ಲಿ ತೇವ ಹಿಡಿದಿಡಲೆಂದೇ ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿರುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ವರ್ಜೀನಿಯಾದಂತಹ, ಬಿಸಿಗಾಳಿಯ ಬ್ಯಾರನ್ನಿನಲ್ಲಿ ಹದಮಾಡಿದ ಸಾದಾ ಎಲೆ ಈ ಪೈಪಿಗೆ ಹೆಚ್ಚು ಹೊಂದುತ್ತದೆ.

ಇದೇ ಸಮಸ್ಯೆಗೆ ಬೇರೆಯವರು ಕಂಡುಕೊಂಡ ದಾರಿಗಳನ್ನೂ ಹೋಲಿಸಿ ನೋಡಬೇಕು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿಮಾನಶಾಸ್ತ್ರ ಕಲಿಸುತ್ತಿದ್ದ ಫ್ರೆಡರಿಕ್ ಕರ್ಸ್ಟನ್ 1930ರ ದಶಕದಲ್ಲಿ ರೂಪಿಸಿದ ಪೈಪಿನಲ್ಲಿ ಕುತ್ತಿಗೆಯೇ ಒಂದು ಅಲ್ಯೂಮಿನಿಯಮ್ ಕೊಳವೆ. ಲೋಹ ಬಿಸಿಯನ್ನು ಬೇಗ ಹೊರಗೆ ಬಿಡುವುದರಿಂದ ಆವಿಯೆಲ್ಲ ಅಲ್ಲಿಯೇ ನೀರಾಗುತ್ತದೆ, ಪೂರ್ತಿ ಬಿಚ್ಚಿ ಒರೆಸಬಹುದು. ಫಾಲ್ಕನ್ ಪೈಪಿನಲ್ಲಿ ಬಟ್ಟಲನ್ನು ತಿರುಗಿಸಿ ತೆಗೆದರೆ ಕೆಳಗೆ ನೀರು ಕೂಡುವ ಲೋಹದ ಬೋಗುಣಿ ಕಾಣುತ್ತದೆ. ಶುದ್ಧಗೊಳಿಸುವ ಸುಲಭದಲ್ಲಿ ಇವೆರಡೂ ನನ್ನ ಪೈಪಿಗಿಂತ ಮೇಲು ಎಂಬುದನ್ನು ಒಪ್ಪಲೇಬೇಕು. ಜರ್ಮನಿಯಲ್ಲಿ ಹೆಚ್ಚು ರೂಢಿಯಲ್ಲಿರುವ 9 ಮಿಲಿಮೀಟರ್ ಇದ್ದಿಲ ಫಿಲ್ಟರ್, ಇಟಲಿಯ ಸವಿನೆಲ್ಲಿಯವರ ಬಾಲ್ಸಾ ಕಡ್ಡಿ, ಇವು ನೀರನ್ನು ಹೀರುತ್ತವೆ. ಆದರೆ ಹೀರಿ ತುಂಬಿದ ಮೇಲೆ ದಾರಿಗೆ ಅಡ್ಡವಾಗುತ್ತವೆ, ಪ್ರತಿ ಸಲ ಹೊಸದು ಬೇಕು, ಇಲ್ಲಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದೂ ಇಲ್ಲ. ನಮ್ಮ ಗುಡಿಗುಡಿಯನ್ನು ಉದಾಹರಣೆಗೆ ತರುವವರಿಗೆ ಒಂದು ಮಾತು: ನೀರಿನ ಮೂಲಕ ಬಂದ ಹೊಗೆ ತಣಿದಿರುತ್ತದೆ, ಒಣಗಿರುವುದಿಲ್ಲ.

ಹೊಗೆ ಒಣದಾಗಿದ್ದರೆ ಅದರ ಹಾನಿ ಕಡಿಮೆ ಎಂದು ಯಾರೂ ತಿಳಿಯಬಾರದು. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿಗೆ ಪೈಪಿನ ಹೊಗೆಯೂ ಕಾರಣವಾಗುತ್ತದೆ, ತೊಟ್ಟಿ ಅದನ್ನು ತಪ್ಪಿಸುವುದಿಲ್ಲ. ಈ ಬರಹ ಈಗಾಗಲೇ ಪೈಪು ಹಿಡಿದಿರುವ ವಯಸ್ಕರಿಗೆ. ಹೊಸದಾಗಿ ಯಾರನ್ನೂ ಕರೆಯುವುದು ನನ್ನ ಉದ್ದೇಶವಲ್ಲ. ತೊಟ್ಟಿಯಲ್ಲಿ ಕೂಡುವ ಕಂದು ನೀರಿನ ಬಗ್ಗೆ ಇನ್ನಷ್ಟು ಎಚ್ಚರಿಕೆ ಬೇಕು. ಅದು ನಿಕೋಟಿನ್ ಮತ್ತು ಟಾರ್ ಬೆರೆತ ವಿಷದ್ರವ, ಚರ್ಮದ ಮೂಲಕವೂ ನಿಕೋಟಿನ್ ಒಳಗಿಳಿಯುತ್ತದೆ. ಬಾಲ್ಕನಿಯ ಗಿಡದ ಕುಂಡಕ್ಕೆ ಅದನ್ನು ಸುರಿಯುವ ಅಭ್ಯಾಸ ಕೆಲವರಿಗಿದೆ, ಅದು ಬೇಡ. ಕಾಗದದ ಕರವಸ್ತ್ರಕ್ಕೆ ಹೀರಿಸಿ, ಮಕ್ಕಳ ಕೈಗೆ ಸಿಗದಂತೆ ಕಸಕ್ಕೆ ಹಾಕಿ ಕೈ ತೊಳೆಯುವುದೇ ಸರಿ.

ಈ ವಿನ್ಯಾಸದ ದೊಡ್ಡ ಅನುಕೂಲವೆಂದರೆ ಬಾಯಿಕೊಳವೆಯನ್ನು ಪೈಪು ಬಿಸಿಯಿರುವಾಗಲೇ ಎಳೆದು ತೆಗೆಯಬಹುದು. ತುದಿ ಮೊನಚಾಗುತ್ತ ಹೋಗುವ ಈ ಕೀಲು ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ, ನಿಕ್ಕಲ್ ಬಳೆ ಮರ ಸೀಳದಂತೆ ಕಾಯುತ್ತದೆ. ಸಾಮಾನ್ಯ ಪೈಪಿನಲ್ಲಿ ಬಿಸಿಯಿರುವಾಗ ಹೀಗೆ ಮಾಡಿದರೆ ಕುತ್ತಿಗೆ ಬಿರುಕು ಬಿಡುವ ಅಪಾಯವಿದೆ. ಮಳೆಗಾಲದಲ್ಲಿ ನಡುವೆ ಒಮ್ಮೆ ತೆಗೆದು, ತೊಟ್ಟಿ ಒರೆಸಿ, ಮತ್ತೆ ಕೂರಿಸಿ ಮುಂದುವರಿಯಬಹುದಾದ್ದರಿಂದಲೇ ಈ ಪೈಪು ಇಂದಿಗೂ ನನ್ನ ಬಳಿ ಉಳಿದಿದೆ.

ಕೊರತೆಗಳೂ ಗಟ್ಟಿಯಾದವೇ. ಬಾಯಿಕೊಳವೆ ಕೂರಿಸಿಯೇ ಪೈಪ್ ಕ್ಲೀನರನ್ನು, ಎಂದರೆ ಒಳದಾರಿ ಒರೆಸುವ ನೂಲು ಸುತ್ತಿದ ತಂತಿಯನ್ನು, ಬಟ್ಟಲಿನವರೆಗೆ ದಾಟಿಸಲು ಆಗುವುದಿಲ್ಲ, ಅದು ತೊಟ್ಟಿಯಲ್ಲಿ ತಡೆದು ನಿಲ್ಲುತ್ತದೆ. ತೊಟ್ಟಿ ಸೇರಿದ ಕಾರಣ ಕುತ್ತಿಗೆ ದಪ್ಪವಾಗಿ ಪೈಪು ಭಾರವಾಗಿದೆ. ಹಲ್ಲಿನಲ್ಲಿ ಕಚ್ಚಿಕೊಂಡು ಓದುವವರಿಗೆ ದವಡೆ ನೋಯುತ್ತದೆ. ಎಬೊನೈಟಿನಲ್ಲಿರುವ ಗಂಧಕ ಬೆಳಕಿಗೂ ತೇವಕ್ಕೂ ಮೇಲೆ ಬಂದು ಕೊಳವೆ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ, ಕಹಿಯಾಗುತ್ತದೆ, ಮುಂಬೈಯಲ್ಲಿ ಅದು ಬೇಗ. ಅಕ್ರಿಲಿಕ್ಕಿಗೆ ಈ ದೋಷವಿಲ್ಲ, ಆದರೆ ಹಲ್ಲಿಗೆ ಗಡಸು. ಎಲ್ಲಕ್ಕಿಂತ ಮುಖ್ಯವಾಗಿ ತೊಟ್ಟಿಯ ತಳ ಕಚ್ಚಾ ಮರ. ಅದು ನೀರನ್ನು ಕುಡಿಯುತ್ತದೆ, ಜುಲೈ ಆಗಸ್ಟ್‌ನಲ್ಲಿ ಕೆಲವು ದಿನ ಬಿಟ್ಟರೂ ಪೂರ್ತಿ ಆರುವುದಿಲ್ಲ, ಹುಳಿವಾಸನೆ ಹಿಡಿಯುತ್ತದೆ. ನಾನು ಮಳೆಗಾಲದಲ್ಲಿ ಪೈಪನ್ನು ಬಿಡಿಸಿ, ಸಿಲಿಕಾ ಜೆಲ್ ಪೊಟ್ಟಣಗಳಿರುವ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ. ವಾಸನೆ ಹಿಡಿದಾಗ ಹತ್ತಿಯನ್ನು ಶುದ್ಧ ಆಲ್ಕೋಹಾಲಿನಲ್ಲಿ ನೆನೆಸಿ ತೊಟ್ಟಿಯಲ್ಲಿ ಒಂದು ರಾತ್ರಿ ಬಿಡುತ್ತೇನೆ.

ಕೊಳ್ಳುವವರು ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳಿವೆ. ಖಾಲಿ ಪೈಪನ್ನು ಎಳೆದಾಗ ಸಿಳ್ಳೆಯಂತಹ ಸದ್ದು ಬಂದರೆ ಒಳಗೆಲ್ಲೋ ಇಕ್ಕಟ್ಟು ಅಥವಾ ಮೆಟ್ಟಿಲು ಇದೆ ಎಂದರ್ಥ. ಬಟ್ಟಲಿನ ತೂತು ತಳದ ನಟ್ಟನಡುವೆ ಇರಬೇಕು; ಮೇಲಿದ್ದರೆ ಅದರ ಕೆಳಗಿನ ತಂಬಾಕು ಉರಿಯದೆ ಒದ್ದೆ ಮುದ್ದೆಯಾಗಿ ಉಳಿಯುತ್ತದೆ. ಕೊಳವೆಯನ್ನು ತೆಗೆದು, ಮೊಬೈಲಿನ ಬೆಳಕು ಹಾಯಿಸಿ, ಗಾಳಿದಾರಿ ತೊಟ್ಟಿಯ ಮೇಲ್ಭಾಗಕ್ಕೆ ತೆರೆದುಕೊಂಡಿದೆಯೇ ಎಂದು ನೋಡಬೇಕು. ಬೆಳ್ಳಿಯ ಬಳೆ, ಮರದ ಗೆರೆ, ಹೊಳಪು ಇವಕ್ಕೆಲ್ಲ ಆಮೇಲೆ ಬೆಲೆ ಕೊಟ್ಟರೆ ಸಾಕು. ಈಗ ಅದೇ ಹಿರಿಯರ ಬಳಿ ಎರಡನೆಯ ಪೈಪಿನ ನಕ್ಷೆ ಇದೆ. ಅದರಲ್ಲಿ ತೊಟ್ಟಿಯ ಒಳಗೋಡೆಗೆ ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ಅಸ್ತರು ಕೊಟ್ಟು, ತಳದಲ್ಲಿ ತಿರುಗಿಸಿ ತೆಗೆಯುವ ಮುಚ್ಚಳ ಇಡಬೇಕೆಂದು ಕೇಳಿದ್ದೇನೆ. ಮರ ಮತ್ತು ಉಕ್ಕು ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ನಡುವೆ ಎಷ್ಟು ಸಡಿಲ ಬಿಡಬೇಕು ಎಂಬ ಒಂದೇ ಪ್ರಶ್ನೆ ಬಾಕಿ ಇದೆ.